ನೆರೆಯೂ ನೆರೆಹೊರೆಯೂ



ನಮ್ಮ ಕನ್ನಡದಲ್ಲಿ ‘ನೆರೆ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಉಕ್ಕಿ ಬಂದ ನೀರಿಗೂ ನೆರೆಯೆಂದು ಹೆಸರು. ಪಕ್ಕದಲ್ಲಿ ವಾಸಮಾಡುವವರಿಗೂ ನೆರೆಯವರೆಂದು ಹೆಸರು. ಈ ಹೋಲಿಕೆಯು ಆಕಸ್ಮಿಕವೇ ಆಗಿರಬಹುದು. ಆದರೆ ಬೆಂಗಳೂರಿನಂಥ ಏರುತಗ್ಗಿನ ಪಟ್ಟಣದಲ್ಲಿ ವಾಸಮಾಡುವವರು ಸ್ವಲ್ಪ ಆಲೋಚಿಸಿ ನೋಡಿದರೆ, ಈ ಎರಡು ಅರ್ಥಗಳಿಗೂ ಬಹು ಹತ್ತಿರದ ಸಂಬಂಧವಿದೆಯೆಂಬುದು ತಾನೇ ಕಂಡುಬರುತ್ತದೆ. ನನ್ನ ಮನೆಯ ತಾರಸಿಯ ಮೇಲೆ ಬಿದ್ದ ಮಳೆಯನ್ನು ನಾನು ಬೇಡವೆಂದು ಬೀದಿಗೆ ದೂಡಿದರೆ, ಅದೇ ನೀರು ತಗ್ಗಿನಲ್ಲಿರುವ ನನ್ನ ನೆರೆಯವಳ ಅಡಿಗೆಮನೆಗೆ ನೆರೆಯಾಗಿ ಹೋಗಿ ಸೇರುತ್ತದೆ. ನಾನು ಕೊಟ್ಟೆನೆಂಬುದು ನನಗೆ ತಿಳಿಯದು. ಯಾರಿಂದ ಬಂತೆಂಬುದು ಅವಳಿಗೆ ತಿಳಿಯದು.

ಈ ವಿಷಯವನ್ನು ಶಾಲೆಯ ಸ್ಮರಣಸಂಚಿಕೆಯಲ್ಲಿ ಎತ್ತುವುದಕ್ಕೆ ಕಾರಣವೊಂದುಂಟು. ನಮ್ಮ ಹಳೆಯ ವಿದ್ಯಾರ್ಥಿನಿಯರ ಸಂಘದವರು ಕೂಡಿಸುತ್ತಿರುವ ಹಣದಿಂದ ಶಾಲೆಯ ಅಂಗಳಕ್ಕೆಲ್ಲಾ ಇಂಟರ್‌ಲಾಕ್ ಟೈಲ್ಸು ಹಾಸಿಸಬೇಕೆಂಬ ಸಲಹೆಯು ಬಂದಿದೆ. ಸಲಹೆಯನ್ನು ತಂದ ಸಹೋದರಿಯರು ಶಾಲೆಯ ಮೇಲಣ ಪ್ರೀತಿಯಿಂದಲೇ ತಂದಿರುತ್ತಾರೆ. ಮಳೆಗಾಲದಲ್ಲಿ ಮಕ್ಕಳ ಬಿಳಿಯ ಉಡುಪಿಗೆ ಕೆಸರು ಹತ್ತುವುದು, ಬೇಸಗೆಯಲ್ಲಿ ಧೂಳೇಳುವುದು, ವಯಸ್ಸಾದ ನಮ್ಮ ಉಪಾಧ್ಯಾಯಿನಿಯರು ಜಾರಿ ಬೀಳುವ ಭಯ, ಇವೆಲ್ಲವೂ ನಿಜವೇ. ಆದರೂ ಈ ಸಲಹೆಯು ಒಳ್ಳೆಯದಲ್ಲವೆಂದೂ, ಅದೇ ಹಣದಿಂದ ಇದಕ್ಕಿಂತ ಉತ್ತಮವಾದ ಕೆಲಸವನ್ನು ಮಾಡಬಹುದೆಂದೂ ನನಗೆ ತೋರಿರುವುದರಿಂದ, ನನ್ನ ಅಭಿಪ್ರಾಯವನ್ನು ವಿನಯದಿಂದ ತಮ್ಮ ಮುಂದೆ ಇಡುತ್ತೇನೆ.

ಶಾಲೆಯು ಎತ್ತರದ ನೆಲದಲ್ಲಿದೆ. ಹಿಂದಿನ ಗೋಡೆಯ ಆಚೆಗೆ ಇಳಿಜಾರು. ಅದರ ಕೆಳಗೆ ಸಣ್ಣ ಮನೆಗಳ ಬೀದಿಯೊಂದಿದೆ. ನಾವು ಓದುತ್ತಿದ್ದ ಕಾಲದಲ್ಲಿ ನಮ್ಮ ಕೆಸರುಗಾಲುಗಳಿಗೆ ನೀರು ಹಾಕಿ ತೊಳೆಸಿ ತರಗತಿಯೊಳಕ್ಕೆ ಬಿಡುತ್ತಿದ್ದ ಆಯಮ್ಮನವರು ಆ ಬೀದಿಯಲ್ಲಿಯೇ ಇದ್ದಾರೆ. ಕಳೆದ ಮಳೆಗಾಲದಲ್ಲಿ ಒಂದು ದಿನ ಅವರನ್ನು ನೋಡಲು ಹೋದಾಗ, ಅಕ್ಕಿಯ ಡಬ್ಬವೂ ಮೊಮ್ಮಕ್ಕಳ ಪುಸ್ತಕದ ಚೀಲಗಳೂ ಮಂಚದ ಮೇಲಿದ್ದುವು. ಅವರು ಬಾಗಿಲಲ್ಲಿ ಕುಳಿತು ಮೊರದಿಂದ ನೀರನ್ನು ಹೊರಕ್ಕೆ ಎತ್ತಿಹಾಕುತ್ತಿದ್ದರು. “ಮೇಲಿನ ನೀರು ಕೆಳಗೇ ಬರ್ಬೇಕಲ್ಲ, ಮಗಾ. ಆದ್ರೆ ಮೊದ್ಲು ಇಷ್ಟೊಂದು ಬರ್ತಿರ್ಲಿಲ್ಲ,” ಎಂದರು. ಅವರ ಮಾತಿನಲ್ಲಿ ದೂರಿರಲಿಲ್ಲ. ಆದರೆ ಆ ಎರಡನೆಯ ವಾಕ್ಯವು ನನ್ನ ಮನಸ್ಸಿನಲ್ಲಿ ನಿಂತುಹೋಯಿತು. ಮೊದಲು ಇಷ್ಟು ಬರುತ್ತಿರಲಿಲ್ಲವಾದರೆ ಈಗ ಏಕೆ ಬರುತ್ತದೆ?

ಇದಕ್ಕೆ ಉತ್ತರವನ್ನು ತಿಳಿಯಬೇಕಾದರೆ ನಮ್ಮ ಊರಿನ ನೆಲವನ್ನು ಸ್ವಲ್ಪ ತಿಳಿಯಬೇಕು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು ೯೦೦ ಮೀಟರು ಎತ್ತರದಲ್ಲಿ, ಒಂದು ದಿಣ್ಣೆಯ ಮೇಲೆ ಕುಳಿತ ಊರು. ಇಲ್ಲಿ ದೊಡ್ಡ ನದಿಯಿಲ್ಲ. ಪಶ್ಚಿಮಕ್ಕೆ ಬಿದ್ದ ಮಳೆಯು ವೃಷಭಾವತಿಯ ಕಣಿವೆಯಿಂದ ಅರ್ಕಾವತಿಗೂ ಅಲ್ಲಿಂದ ಕಾವೇರಿಗೂ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ಹೆಬ್ಬಾಳದ ಮತ್ತು ಕೋರಮಂಗಲ ಚಲ್ಲಘಟ್ಟದ ಕಣಿವೆಗಳಿಂದ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ನದಿಯಿಲ್ಲದ ಊರಿನಲ್ಲಿ ಬಾಳಬೇಕಾಗಿದ್ದ ನಮ್ಮ ಹಿರಿಯರು ಈ ಕಣಿವೆಗಳಿಗೆ ಅಡ್ಡಲಾಗಿ ಏರಿಗಳನ್ನು ಕಟ್ಟಿ ಕೆರೆಗಳನ್ನು ಮಾಡಿದರು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕಾಲುವೆಯಿಂದ ಕೆಳಗಿನ ಕೆರೆಗೆ. ಅದು ತುಂಬಿದರೆ ಅದಕ್ಕೂ ಕೆಳಗಿನದಕ್ಕೆ. ಕೆರೆಗೆ ನೀರು ತರುವ ಆ ದೊಡ್ಡ ಕಾಲುವೆಗಳನ್ನೇ ನಾವು ರಾಜಕಾಲುವೆಗಳೆನ್ನುತ್ತೇವೆ. ಊರ ಕಡೆಯಲ್ಲಿ ತೂಬನ್ನು ಎತ್ತಿ ಇಳಿಸಿ ಗದ್ದೆಗಳಿಗೆ ನೀರನ್ನು ಹಂಚುವುದಕ್ಕೆ ನೀರುಗಂಟಿ ಎಂಬವನಿದ್ದನು. ಬಿದ್ದ ಮಳೆಯು ಹೀಗೆ ಮೆಟ್ಟಿಲು ಮೆಟ್ಟಿಲಾಗಿ, ಅಲ್ಲಲ್ಲಿ ನಿಂತು, ನೆಲಕ್ಕೆ ಇಂಗುತ್ತಾ, ನಿಧಾನವಾಗಿ ಇಳಿದುಹೋಗುತ್ತಿತ್ತು.

೧೮೯೬ರಲ್ಲಿ ಹೆಸರಘಟ್ಟದಿಂದ ಕೊಳವೆಯ ನೀರು ಬಂದಿತು. ೧೯೭೪ರಲ್ಲಿ ಕಾವೇರಿಯ ನೀರು ಬಂದಿತು. ಇವು ದೊಡ್ಡ ಉಪಕಾರಗಳೇ. ಆದರೆ ನಲ್ಲಿ ಬಂದ ಮೇಲೆ ಕೆರೆಯ ಮೇಲಣ ಅಕ್ಕರೆಯು ಹೋಯಿತು. ಧರ್ಮಾಂಬುಧಿ ಕೆರೆಯಿದ್ದ ಸ್ಥಳದಲ್ಲಿ ಈಗ ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಸ್ಥಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಎಷ್ಟೋ ರಾಜಕಾಲುವೆಗಳು ಕಿರಿದಾದುವು, ಕೆಲವು ಮನೆಗಳ ಅಡಿಯಲ್ಲಿ ಮುಚ್ಚಿಹೋದುವು. ಉಳಿದ ನೆಲವನ್ನು ಮನೆ, ರಸ್ತೆ, ಸಿಮೆಂಟಿನ ಅಂಗಳಗಳು ತುಂಬಿದುವು. ಗಿಡಮರಗಳಿರುವ ಸಡಿಲ ಮಣ್ಣು ಮಳೆಯ ಬಹುಭಾಗವನ್ನು ಕುಡಿಯುತ್ತದೆ. ಸಿಮೆಂಟು ಹಾಸಿದ ನೆಲದಿಂದ ಹತ್ತು ಭಾಗದಲ್ಲಿ ಎಂಟೊಂಬತ್ತು ಭಾಗವು ಆಗಿಂದಾಗಲೇ ಹರಿದುಹೋಗುತ್ತದೆ. ಮಳೆಯು ಅಷ್ಟೇ ಬಿದ್ದರೂ ಹರಿಯುವ ನೀರು ಹೆಚ್ಚಿತು. ಹರಿಯುವ ದಾರಿಯೋ ಕಿರಿದಾಯಿತು. ಆಯಮ್ಮನವರ ಪ್ರಶ್ನೆಗೆ ಉತ್ತರವಿದು.

ಈ ತಪ್ಪಿನ ಫಲವನ್ನು ನಾವು ಈಚಿನ ವರ್ಷಗಳಲ್ಲಿ ಉಂಡಿದ್ದೇವೆ. ೨೦೨೨ನೇ ಇಸವಿ ಸೆಪ್ಟೆಂಬರ್ ತಿಂಗಳ ೪ರ ರಾತ್ರಿಯಿಂದ ೫ರ ಬೆಳಗಿನವರೆಗೆ ಊರಿನಲ್ಲಿ ಸುಮಾರು ೧೩೦ ಮಿಲಿಮೀಟರು ಮಳೆಯಾಯಿತು. ಬೆಳ್ಳಂದೂರು, ಮಹದೇವಪುರಗಳ ಕಡೆಯಲ್ಲಿ ಬಡವರ ಗುಡಿಸಲುಗಳೂ ಧನವಂತರ ಬಂಗಲೆಗಳೂ ಒಂದೇ ಸಮನಾಗಿ ನೀರಿನಲ್ಲಿ ನಿಂತುವು. ಜನರನ್ನು ದೋಣಿಗಳಲ್ಲಿಯೂ ಟ್ರಾಕ್ಟರುಗಳಲ್ಲಿಯೂ ಸಾಗಿಸಬೇಕಾಯಿತು. ಅದೇ ಮಳೆಯಲ್ಲಿ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯ ಪಂಪುಗಳ ಮನೆಗೆ ನೀರು ನುಗ್ಗಿದ್ದರಿಂದ, ಬೀದಿಯಲ್ಲಿ ಸೊಂಟದುದ್ದ ನೀರಿದ್ದರೂ ನಲ್ಲಿಯಲ್ಲಿ ಕುಡಿಯುವ ನೀರಿಲ್ಲದಂಥ ವಿಚಿತ್ರವನ್ನು ಊರು ಕಂಡಿತು. ಎರಡು ವರ್ಷ ತುಂಬುವುದರೊಳಗೆ, ೨೦೨೪ರ ಬೇಸಗೆಯಲ್ಲಿ, ಊರಿನ ಸುಮಾರು ೧೪,೦೦೦ ಸರಕಾರಿ ಕೊಳವೆ ಬಾವಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಬತ್ತಿದುವೆಂದು ಸರಕಾರದವರೇ ತಿಳಿಸಿದರು. ನಾವು ಕೊಡಗಳನ್ನು ಹಿಡಿದು ಟ್ಯಾಂಕರಿನ ದಾರಿಯನ್ನು ನೋಡಿದೆವು. ೨೦೨೫ರ ಮೇ ತಿಂಗಳಲ್ಲಿ ತಿರುಗಿ ಮಳೆ ಬಂದಿತು. ತಿರುಗಿ ತಗ್ಗಿನ ಬಡಾವಣೆಗಳು ಮುಳುಗಿದುವು.

ನೆರೆಯೂ ಬರವೂ ಎರಡು ಬೇರೆ ಬೇರೆ ವಿಪತ್ತುಗಳೆಂದು ನಾವು ಎಣಿಸಿದ್ದೇವೆ. ಅವು ಒಂದೇ ರೋಗದ ಎರಡು ಲಕ್ಷಣಗಳು. ಸೆಪ್ಟೆಂಬರಿನಲ್ಲಿ ನೆಲದೊಳಕ್ಕೆ ಹೋಗಲು ಬಿಡದ ನೀರೇ ಮಾರ್ಚಿಯಲ್ಲಿ ಬಾವಿಯಲ್ಲಿ ಇಲ್ಲದ ನೀರು. ಆದುದರಿಂದ ಔಷಧವೂ ಬಹುಮಟ್ಟಿಗೆ ಒಂದೇ: ಮಳೆಯು ಎಲ್ಲಿ ಬಿದ್ದಿತೋ ಅಲ್ಲಿಯೇ ಅದನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಆದಷ್ಟನ್ನು ಇಂಗಿಸಿ, ಉಳಿದದ್ದನ್ನು ಮಾತ್ರ ಮೆಲ್ಲಗೆ ಮುಂದಕ್ಕೆ ಕಳುಹಿಸುವುದು.

“ಅದು ಮಹಾನಗರಪಾಲಿಕೆಯವರ ಕೆಲಸ, ನಮ್ಮಿಂದೇನಾದೀತು?” ಎಂದು ಕೇಳುವವರುಂಟು. ರಾಜಕಾಲುವೆಯ ಹೂಳನ್ನು ತೆಗೆಸುವುದು, ಒತ್ತುವರಿಯನ್ನು ಬಿಡಿಸುವುದು, ಇವು ಖಂಡಿತವಾಗಿಯೂ ಅಧಿಕಾರಿಗಳ ಕೆಲಸವೇ. ಅವರನ್ನು ಬಿಡದೆ ಕೇಳುವುದು ನಮ್ಮ ಹಕ್ಕು. ಆದರೆ ನೆರೆಹೊರೆಯವರು ಕೂಡಿಕೊಂಡರೆ ಏನಾದೀತೆಂಬುದಕ್ಕೆ ದೃಷ್ಟಾಂತಗಳು ನಮ್ಮ ಊರಿನಲ್ಲಿಯೇ ಇವೆ.

ಜೆ. ಪಿ. ನಗರದ ಏಳನೆಯ ಹಂತದ ಬಳಿ ಪುಟ್ಟೇನಹಳ್ಳಿ ಕೆರೆಯೆಂಬ ಸುಮಾರು ೧೩ ಎಕರೆಯ ಸಣ್ಣ ಕೆರೆಯೊಂದಿದೆ. ಅದು ಒಣಗಿ ಕಸದ ಗುಂಡಿಯಾಗುವ ಸ್ಥಿತಿಗೆ ಬಂದಿದ್ದಿತು. ಅದರ ಪಕ್ಕದಲ್ಲಿ ವಾಸಮಾಡುತ್ತಿದ್ದ ಲೇಖಕಿ ಶ್ರೀಮತಿ ಉಷಾ ರಾಜಗೋಪಾಲನ್ ಅವರು ಸುಮ್ಮನಿರಲಾರದೆ ಅಕ್ಕಪಕ್ಕದವರನ್ನು ಕೂಡಿಸಿಕೊಂಡರು. ೨೦೧೦ರಲ್ಲಿ ಕೆರೆಗಾಗಿಯೇ ಒಂದು ಟ್ರಸ್ಟನ್ನು ಮಾಡಿದರು. ಮರುವರ್ಷ ನಗರಪಾಲಿಕೆಯವರು ಕರಾರು ಮಾಡಿಕೊಂಡು ಕೆರೆಯ ಪಾಲನೆಯನ್ನು ಈ ನೆರೆಹೊರೆಯವರ ಕೈಗೇ ಒಪ್ಪಿಸಿದರು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿಯಲ್ಲಿಯೂ ಸುಮಾರು ೪೮ ಎಕರೆಯ ಕೆರೆಯನ್ನು, ಸುತ್ತಲಿನ ನಿವಾಸಿಗಳು ಪಾಲಿಕೆಯವರೊಡನೆ ಸೇರಿ ಕೆಲಸಮಾಡಿ ೨೦೧೧ರ ಹೊತ್ತಿಗೆ ಜೀವಂತವಾಗಿ ಮಾಡಿದರು. ಕೆರೆಯು ಬರಿಯ ನೋಟಕ್ಕಲ್ಲ. ಮಳೆಗಾಲಕ್ಕೆ ಮುಂಚೆ ಹೂಳಿಲ್ಲದೆ ಜಾಗವಿರುವ ಕೆರೆಯು, ಕೆಳಗಿನ ಬೀದಿಗೆ ನುಗ್ಗಬಹುದಾಗಿದ್ದ ನೀರನ್ನು ತನ್ನ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ.

ಕೆರೆಯಿಲ್ಲದ ಬೀದಿಗಳಿಗೆ ಇಂಗುಬಾವಿಗಳುಂಟು. ಬಯೋಮ್ ಟ್ರಸ್ಟಿನ ಶ್ರೀ ಎಸ್. ವಿಶ್ವನಾಥ್ ಅವರೂ ಅವರ ಸಂಗಡಿಗರೂ ಬೆಂಗಳೂರಿನಲ್ಲಿ ಹತ್ತು ಲಕ್ಷ ಇಂಗುಬಾವಿಗಳಾಗಬೇಕೆಂಬ ಪ್ರಯತ್ನವನ್ನು ನಡಸುತ್ತಿದ್ದಾರೆ. ಈ ಬಾವಿಗಳನ್ನು ತೋಡುವವರು ತಲೆತಲಾಂತರದಿಂದ ಅದೇ ಕಸುಬಿನವರಾದ ಮಣ್ಣು ಒಡ್ಡರು. ಕೊಳವೆ ಬಾವಿಗಳು ಬಂದ ಮೇಲೆ ಕೆಲಸವಿಲ್ಲದೆ ಹೋದ ಈ ಕುಶಲರಿಗೆ ಇದರಿಂದ ಮರಳಿ ಕೆಲಸ ದೊರೆತಿದೆ. ಕಬ್ಬನ್ ಪಾರ್ಕಿನಲ್ಲಿ ಹಳೆಯ ಬಾವಿಗಳನ್ನು ಶುಚಿಮಾಡಿಸಿ, ಹೊಸದಾಗಿ ಇಂಗುಬಾವಿಗಳನ್ನು ತೋಡಿದ್ದೂ ಇಂಥವರ ಕೈಗಳೇ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿದ್ದ ಶ್ರೀ ಎ. ಆರ್. ಶಿವಕುಮಾರ್ ಅವರಾದರೋ ೧೯೯೦ರ ದಶಕದಲ್ಲಿ ಕಟ್ಟಿಸಿದ ತಮ್ಮ ಸ್ವಂತ ಮನೆಗೆ ನಲ್ಲಿಯ ಸಂಬಂಧವನ್ನೇ ಬೇಡದೆ, ಮಳೆಯ ನೀರಿನಿಂದಲೇ ಸಂಸಾರವನ್ನು ನಡಸಿ ತೋರಿಸಿದರು. ೨೦೦೯ರಲ್ಲಿ ಆದ ಶಾಸನದ ಪ್ರಕಾರ ಬೆಂಗಳೂರಿನಲ್ಲಿ ಅರುವತ್ತು ನಲವತ್ತರ ನಿವೇಶನದ ಹಳೆಯ ಮನೆಗಳೂ, ಮೂವತ್ತು ನಲವತ್ತರ ನಿವೇಶನದ ಹೊಸ ಮನೆಗಳೂ ಮಳೆಯ ನೀರನ್ನು ಹಿಡಿಯತಕ್ಕದ್ದೆಂದು ನಿಯಮವಾಗಿದೆ. ನಮ್ಮಲ್ಲಿ ಎಷ್ಟು ಮಂದಿ ದಂಡವನ್ನು ತಪ್ಪಿಸಿಕೊಳ್ಳಲು ಒಂದು ಕೊಳವೆಯನ್ನು ಮಾತ್ರ ಇಳಿಸಿ ಸುಮ್ಮನಾಗಿದ್ದೇವೆಂಬುದನ್ನು ಅವರವರ ಮನಸ್ಸಾಕ್ಷಿಯೇ ಹೇಳಬೇಕು.

ಹೊರದೇಶಗಳಲ್ಲಿಯೂ ಇದೇ ದಾರಿ ಹಿಡಿದವರಿದ್ದಾರೆ. ಅಮೆರಿಕದ ಸಿಯಾಟಲ್ ನಗರದಲ್ಲಿ ೨೦೦೧ರಲ್ಲಿ ಒಂದೇ ಒಂದು ಬೀದಿಯನ್ನು ಆರಿಸಿಕೊಂಡು, ಅಲ್ಲಿನ ನಿವಾಸಿಗಳ ಒಪ್ಪಿಗೆಯಿಂದ ರಸ್ತೆಯನ್ನು ಕಿರಿದುಮಾಡಿ, ಎರಡು ಮಗ್ಗುಲಲ್ಲಿಯೂ ಗಿಡಗಳನ್ನು ನೆಟ್ಟ ತಗ್ಗುಪಾತಿಗಳನ್ನು ಮಾಡಿದರು. ಮುಂದಿನ ವರ್ಷಗಳಲ್ಲಿ ಅಳೆದು ನೋಡಿದಾಗ, ಆ ಬೀದಿಯಿಂದ ಹೊರಕ್ಕೆ ಹೋಗುತ್ತಿದ್ದ ಮಳೆಯ ನೀರು ಹೆಚ್ಚುಕಡಮೆ ನಿಂತೇಹೋಗಿದ್ದಿತು. ದೊಡ್ಡ ಯಂತ್ರವಿಲ್ಲ, ದೊಡ್ಡ ಕೊಳವೆಯಿಲ್ಲ. ಮಣ್ಣು, ಗಿಡ ಮತ್ತು ನೆರೆಯವರ ಒಪ್ಪಿಗೆ.

ಆದರೆ ಇಲ್ಲಿ ಒಂದು ಮಾತನ್ನು ಮರೆಮಾಡದೆ ಹೇಳಬೇಕು. ಇಂಗುಬಾವಿಯೂ ಗಿಡಗಳ ಪಾತಿಯೂ ಸರ್ವರೋಗಗಳಿಗೆ ಮದ್ದಲ್ಲ. ಚೀನಾ ದೇಶದ ಜೆಂಗ್‌ಝೌ ನಗರದವರು ಇಂಥ ಕೆಲಸಗಳಿಗೆ ಅಪಾರವಾದ ಹಣವನ್ನು ವೆಚ್ಚಮಾಡಿದ್ದರು. ಆದರೂ ೨೦೨೧ನೇ ಇಸವಿ ಜುಲೈ ೨೦ರಂದು ಅಲ್ಲಿ ಒಂದೇ ಗಂಟೆಯಲ್ಲಿ ೨೦೦ ಮಿಲಿಮೀಟರಿಗೂ ಹೆಚ್ಚಿನ ಮಳೆ ಸುರಿದಾಗ ಊರು ಮುಳುಗಿ ನೂರಾರು ಮಂದಿ ಸತ್ತರು. ಅಂಥ ಮಳೆಗೆ ತೆರೆದ ಕಾಲುವೆ, ಖಾಲಿಯಿರುವ ಕೆರೆ, ಕಾಲಕ್ಕೆ ಸರಿಯಾದ ಎಚ್ಚರಿಕೆ, ತಗ್ಗಿನ ಜನರನ್ನು ಬೇರೆಡೆಗೆ ಸಾಗಿಸುವ ಏರ್ಪಾಡು, ಎಲ್ಲವೂ ಬೇಕು. ಆದರೆ ವರ್ಷದಲ್ಲಿ ಅಂಥ ಮಳೆಗಳೆಷ್ಟು? ಆಯಮ್ಮನವರ ಬಾಗಿಲಿಗೆ ನೀರನ್ನು ತರುವುದು ನೂರು ವರ್ಷಕ್ಕೊಮ್ಮೆ ಬರುವ ಮಹಾಮಳೆಯಲ್ಲ. ಸಂಜೆಯ ಹೊತ್ತು ಗುಡುಗಿ ಬಂದು ಒಂದು ಗಂಟೆಯಲ್ಲಿ ಹೊರಟುಹೋಗುವ ನಮ್ಮ ಮಾಮೂಲಿನ ಮಳೆ. ಅದನ್ನು ನಾವು ಖಂಡಿತವಾಗಿ ಹಿಡಿಯಬಲ್ಲೆವು.

ಎಷ್ಟನ್ನು ಹಿಡಿಯಬಲ್ಲೆವೆಂಬುದನ್ನು ನಾವು ಶಾಲೆಯಲ್ಲಿ ಕಲಿತ ಲೆಕ್ಕದಿಂದಲೇ ನೋಡೋಣ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಒಂದು ಲೀಟರು ನೀರು. ಸಂಜೆಯ ಒಂದು ಜೋರು ಮಳೆಯು ೫೦ ಮಿಲಿಮೀಟರೆಂದಿಟ್ಟುಕೊಂಡರೆ, ೧೦೦ ಚದರ ಮೀಟರಿನ ತಾರಸಿಯಿಂದ ೫,೦೦೦ ಲೀಟರು ಬರುತ್ತದೆ. ಒಂದು ಎಕರೆಯ ನೆಲದ ಮೇಲೆ ಬೀಳುವುದು ಸುಮಾರು ಎರಡು ಲಕ್ಷ ಲೀಟರು. ೧೨,೦೦೦ ಲೀಟರಿನ ಟ್ಯಾಂಕರುಗಳ ಲೆಕ್ಕದಲ್ಲಿ ಹೇಳುವುದಾದರೆ ಹದಿನಾರು ಟ್ಯಾಂಕರು ಮೀರಿತು. ಅಂದರೆ ಎಕರೆಗೆ ಇಷ್ಟರಂತೆ ನಾವು ಒಂದು ಸಂಜೆಯಲ್ಲಿ ಕೆಳಗಿನ ಬೀದಿಗೆ ದೂಡಿಬಿಟ್ಟು, ಬೇಸಗೆ ಬಂದಾಗ ದುಡ್ಡು ಕೊಟ್ಟು ಟ್ಯಾಂಕರನ್ನು ಕರೆಯುತ್ತೇವೆ. ಇದಕ್ಕಿಂತ ನಷ್ಟದ ವ್ಯಾಪಾರವನ್ನು ಯಾವ ಗೃಹಿಣಿಯು ಮಾಡಿಯಾಳು?

ಮೂರಡಿ ಅಗಲ, ಇಪ್ಪತ್ತಡಿ ಆಳದ ಒಂದು ಇಂಗುಬಾವಿಯು ಒಂದು ಸಲಕ್ಕೆ ಸುಮಾರು ೪,೦೦೦ ಲೀಟರನ್ನು ಹಿಡಿಯುತ್ತದೆ. ಹಿಡಿದದ್ದು ಮಣ್ಣಿಗೆ ಇಳಿಯುತ್ತಿರುವಂತೆ ಇನ್ನಷ್ಟಕ್ಕೆ ಜಾಗವಾಗುತ್ತದೆ. ಇಂಥ ಹತ್ತು ಬಾವಿಗಳನ್ನು ಸರಿಯಾದ ಸ್ಥಳಗಳಲ್ಲಿ ತೋಡಿ, ತಗ್ಗಿನ ಮೂಲೆಯಲ್ಲಿ ಒಂದು ಹೂದೋಟವನ್ನು ಮಾಡಿ, ಉಳಿದ ಅಂಗಳವನ್ನು ಮಣ್ಣಾಗಿಯೇ ಬಿಟ್ಟರೆ, ಸಾಮಾನ್ಯವಾದ ಮಳೆಯಲ್ಲಿ ನಮ್ಮ ಹಿಂದಿನ ಗೋಡೆಯಿಂದ ಇಳಿಯುವ ನೀರು ಬಹಳ ಕಡಮೆಯಾಗುವುದರಲ್ಲಿ ಸಂದೇಹವಿಲ್ಲ.

ಆದುದರಿಂದ ನನ್ನ ಸಲಹೆ ಹೀಗಿದೆ. ಬಾಗಿಲಿನಿಂದ ತರಗತಿಗಳವರೆಗೆ, ಆರಾಧನೆಯ ಮಂದಿರದವರೆಗೆ, ನಡೆದಾಡುವಷ್ಟು ಅಗಲದ ಒಂದು ಕಲ್ಲುಹಾದಿಯನ್ನು ಹಾಕಿಸೋಣ. ವಯಸ್ಸಾದವರೂ ಗಾಲಿಕುರ್ಚಿಯಲ್ಲಿ ಬರುವವರೂ ಅದರ ಮೇಲೆ ಭಯವಿಲ್ಲದೆ ಬರಲಿ. ಮಕ್ಕಳ ಬೂಟುಗಳಿಗೂ ಕೆಸರಾಗದು. ಉಳಿದ ನೆಲವನ್ನು ಮುಚ್ಚುವುದು ಬೇಡ. ಆಟದ ಬಯಲು ಮಕ್ಕಳ ಕಾಲ್ತುಳಿತದಿಂದ ಗಟ್ಟಿಯಾಗಿ ನೀರನ್ನು ಚೆನ್ನಾಗಿ ಕುಡಿಯದೆಂಬುದು ನನಗೆ ಗೊತ್ತು. ಅದಕ್ಕಾಗಿಯೇ ಬಯಲಿನ ಅಂಚಿನಲ್ಲಿ ಹುಲ್ಲನ್ನೂ ಹೊಂಗೆ ನೇರಳೆಯ ಸಸಿಗಳನ್ನೂ ನೆಟ್ಟು, ಹರಿದು ಬಂದ ನೀರು ಅಲ್ಲಿ ತಡೆದು ನಿಲ್ಲುವಂತೆ ಮಾಡಬೇಕು. ಹಿಂದಿನ ಗೋಡೆಯ ಬಳಿಯ ತಗ್ಗಿನಲ್ಲಿ ಲಾವಂಚ, ಬಜೆ, ಕೆಸವು, ಕಾಬಾಳೆ ಮುಂತಾದ ತೇವವನ್ನು ಸಹಿಸುವ ಗಿಡಗಳ ಪಾತಿಯನ್ನು, ಸುತ್ತಲಿನ ನೆಲಕ್ಕಿಂತ ಗೇಣುದ್ದ ತಗ್ಗಾಗಿರುವಂತೆ ಮಾಡಬೇಕು. ತಾರಸಿಯ ನೀರೆಲ್ಲವೂ ಜಲ್ಲಿ ಮರಳುಗಳ ಮೂಲಕ ಸೋಸಿ ಇಂಗುಬಾವಿಗಳಿಗೆ ಇಳಿಯಬೇಕು.

ಈ ಕೆಲಸದಲ್ಲಿ ಕೆಲವು ಎಚ್ಚರಿಕೆಗಳು ಅವಶ್ಯಕ. ಮೊದಲನೆಯ ಮಳೆಯ ಕೊಳಕು ನೀರನ್ನು ಬಾವಿಗೆ ಬಿಡಕೂಡದು. ಬಚ್ಚಲಿನ ನೀರು, ಚರಂಡಿಯ ನೀರು ಎಂದಿಗೂ ಅದರ ಹತ್ತಿರ ಸುಳಿಯಕೂಡದು. ನೆಲದೊಳಗಿನ ನೀರು ಒಮ್ಮೆ ಕೆಟ್ಟರೆ ಅದನ್ನು ಶುದ್ಧಿಮಾಡುವುದು ಬಹು ಕಷ್ಟ. ಬಾವಿಯು ಕಟ್ಟಡದ ತಳಹದಿಗೂ ಶೌಚದ ಗುಂಡಿಗೂ ದೂರವಾಗಿರಬೇಕು. ಮಕ್ಕಳಿರುವ ಸ್ಥಳವಾದುದರಿಂದ ಪ್ರತಿಯೊಂದು ಬಾವಿಗೂ ಭದ್ರವಾದ ಮುಚ್ಚಳ ಬೇಕು. ಪಾತಿಯಲ್ಲಿ ನೀರು ಒಂದೆರಡು ದಿನಗಳಿಗಿಂತ ಹೆಚ್ಚು ನಿಲ್ಲದಂತಿದ್ದರೆ ಸೊಳ್ಳೆಯ ಭಯವಿಲ್ಲ. ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು, ಹೂಳನ್ನು ತೆಗೆಸಲೇಬೇಕು. ಮಾಡಿಸಿ ಮರೆತುಬಿಟ್ಟ ಇಂಗುಬಾವಿಯು ಒಂದೆರಡು ವರ್ಷಗಳಲ್ಲಿ ಬರಿಯ ಗುಂಡಿಯಾಗುತ್ತದೆ. ಆದುದರಿಂದ ಕೂಡಿದ ಹಣದಲ್ಲಿ ಒಂದು ಭಾಗವನ್ನು ಈ ಪಾಲನೆಗೆಂದೇ ಬೇರೆಯಾಗಿ ಇಡಬೇಕೆಂದು ನನ್ನ ಪ್ರಾರ್ಥನೆ.

ಇನ್ನೊಂದು ಲಾಭವನ್ನೂ ಹೇಳಿಬಿಡುತ್ತೇನೆ. ಟೈಲ್ಸು ಹಾಸಿದ ಅಂಗಳವು ಮಕ್ಕಳಿಗೆ ಏನನ್ನೂ ಕಲಿಸದು. ಆದರೆ ಶಾಲೆಯಲ್ಲಿ ಒಂದು ಮಳೆಮಾಪಕವನ್ನಿಟ್ಟು, ಪ್ರತಿದಿನವೂ ಒಬ್ಬಳು ಹುಡುಗಿಯು ಅದನ್ನು ನೋಡಿ ಪುಸ್ತಕದಲ್ಲಿ ಬರೆದು, ಅದೇ ದಿನ ಬಾವಿಯಲ್ಲಿ ನೀರೆಷ್ಟಿದೆಯೆಂದು ಅಳೆದರೆ, ಭೂಗೋಳವೂ ಗಣಿತವೂ ವಿಜ್ಞಾನವೂ ಒಂದೇ ಅಂಗಳದಲ್ಲಿ ಆದುವು. ಹತ್ತು ವರ್ಷಗಳ ಅಂಥ ಪುಸ್ತಕವು ಶಾಲೆಯ ಆಸ್ತಿಯಾಗುವುದು. ಹಾಗೆ ಕಲಿತ ಹುಡುಗಿಯು ನಾಳೆ ಮನೆ ಕಟ್ಟಿಸುವಾಗ ಮೇಸ್ತ್ರಿಯು ಹೇಳಿದ್ದಕ್ಕೆಲ್ಲಾ ತಲೆಯಾಡಿಸಳು. “ಈ ನೀರು ಎಲ್ಲಿಗೆ ಹೋಗುತ್ತದಪ್ಪಾ?” ಎಂದು ಕೇಳುವಳು. ಆ ಒಂದು ಪ್ರಶ್ನೆಯನ್ನು ಊರಿನ ತಾಯಂದಿರೆಲ್ಲರೂ ಕೇಳಲಾರಂಭಿಸಿದರೆ ಅರ್ಧ ಕೆಲಸವಾದಂತೆಯೇ ಸರಿ.

ತಾಯಿತಂದೆಗಳಲ್ಲಿಯೂ ನನ್ನ ಬಿನ್ನಹವುಂಟು. ಶಾಲೆಯ ಕೆಲಸವು ಶಾಲೆಯದಾಯಿತು. ತಮ್ಮ ತಮ್ಮ ಮನೆಗಳಲ್ಲಿ ಕಾರು ನಿಲ್ಲಿಸುವ ಜಾಗವನ್ನು ಬಿಟ್ಟು ಉಳಿದ ನೆಲದ ಸಿಮೆಂಟನ್ನು ತೆಗೆಸಬಹುದಲ್ಲವೇ? ಬೀದಿಯ ನಾಲ್ಕು ಮನೆಯವರು ಸೇರಿ ಒಂದು ಇಂಗುಬಾವಿಯನ್ನು ತೋಡಿಸಬಹುದಲ್ಲವೇ? ಏಪ್ರಿಲ್ ಮೇ ತಿಂಗಳಲ್ಲಿ ಒಂದು ಭಾನುವಾರ ಸಂಜೆ ಬಡಾವಣೆಯ ಹತ್ತು ಮಂದಿ ಕೂಡಿ ತಮ್ಮ ಮೋರಿಯ ಜಾಡನ್ನು ಹಿಡಿದು ಅದು ರಾಜಕಾಲುವೆಗೆ ಸೇರುವವರೆಗೂ ನಡೆದುಹೋಗಿ, ಎಲ್ಲಿ ಕಸ ಕಟ್ಟಿದೆ, ಎಲ್ಲಿ ಗೋಡೆ ಅಡ್ಡಬಂದಿದೆಯೆಂಬುದನ್ನು ಬರೆದು ಅಧಿಕಾರಿಗಳಿಗೆ ಅರ್ಜಿ ಕೊಡಬಹುದಲ್ಲವೇ? ಪ್ರಳಯವಾದ ಮೇಲೆ ಕೊಡುವ ಹಳೆಯ ಬಟ್ಟೆಗಳಿಗಿಂತ, ಪ್ರಳಯಕ್ಕೆ ಮೊದಲು ನಡೆದ ಆ ಒಂದು ಸಂಜೆಯ ನಡಿಗೆಯು ದೊಡ್ಡ ಧರ್ಮವೆಂದು ನಾನು ನಂಬಿದ್ದೇನೆ.

“ನಮ್ಮದೊಂದು ಶಾಲೆ ನೀರನ್ನು ಹಿಡಿದರೆ ಊರೆಲ್ಲಾ ಉಳಿದೀತೇ?” ಎಂಬ ಮಾತು ಬರಬಹುದು. ಊರೆಲ್ಲಾ ಉಳಿಯದು. ಆದರೆ ನೆರೆಯ ನೀರು ಊರೆಲ್ಲದರಿಂದ ಬಂದದ್ದೇ ಹೊರತು ಯಾವುದೋ ಒಂದು ಕಡೆಯಿಂದ ಬಂದದ್ದಲ್ಲ. ಒಂದೊಂದು ತಾರಸಿ, ಒಂದೊಂದು ಅಂಗಳ, ಒಂದೊಂದು ರಸ್ತೆಯಿಂದ ಹನಿ ಹನಿಯಾಗಿ ಕೂಡಿದ್ದು. ಕೂಡಿದ ದಾರಿಯಲ್ಲಿಯೇ ಅದನ್ನು ಕಳೆಯಬೇಕು. ಅಲ್ಲದೆ ನಮ್ಮ ಶಾಲೆಯ ನೀರು ಊರೆಲ್ಲಕ್ಕೂ ಹೋಗುವುದಿಲ್ಲ; ಮೊದಲು ಹೋಗುವುದು ಹಿಂದಿನ ಗೋಡೆಯ ಕೆಳಗಿನ ಬೀದಿಗೆ. ಆ ಬೀದಿಯ ಮಕ್ಕಳು ನಮ್ಮ ಶಾಲೆಯಲ್ಲಿಯೇ ಓದುತ್ತಾರೆ. ಹಗಲೆಲ್ಲಾ ಅವರಿಗೆ ಪಾಠ ಹೇಳಿ, ಸಂಜೆ ಅವರ ಪುಸ್ತಕಗಳನ್ನು ನಮ್ಮ ನೀರಿನಿಂದ ನೆನೆಯಿಸುವುದು ವಿದ್ಯಾಶಾಲೆಗೆ ಒಪ್ಪುವ ಕೆಲಸವೇ?

ಈ ಶಾಲೆಯಲ್ಲಿ ಓದಿದವರು ಯಾವ ಮತದವರಾಗಲಿ, ಸಮಾರ್ಯದವನ ದೃಷ್ಟಾಂತವನ್ನು ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಒಮ್ಮೆಯಾದರೂ ಕೇಳಿಯೇ ಇರುತ್ತಾರೆ. ಧರ್ಮಶಾಸ್ತ್ರವನ್ನು ಬಲ್ಲವನೊಬ್ಬನು ತನ್ನ ನೆರೆಯವನಾರೆಂದು ಕೇಳಿದಾಗ, ಸ್ವಾಮಿಯು ಲಕ್ಷಣವನ್ನು ಹೇಳದೆ ಒಂದು ದಾರಿಯ ಕಥೆಯನ್ನು ಹೇಳಿದರು. ಆ ದಾರಿಯು ಯೆರೂಸಲೇಮಿನ ಎತ್ತರದಿಂದ ಯೆರಿಕೋವಿನ ತಗ್ಗಿಗೆ ಇಳಿಯುವ ದಾರಿ. ಗಾಯಪಟ್ಟವನನ್ನು ಕಂಡೂ ಪಕ್ಕಕ್ಕೆ ಸರಿದು ಹೋದವರು ಕೆಟ್ಟವರೇನೂ ಅಲ್ಲ. ತಮ್ಮ ಬಟ್ಟೆಯು ಮಲಿನವಾಗಬಾರದೆಂದು ಎಣಿಸಿದವರಿರಬಹುದು. ನಮ್ಮ ಅಂಗಳದ ಕೆಸರನ್ನು ಕುರಿತು ಮಾತಾಡುವಾಗಲೆಲ್ಲಾ ಆ ಕಥೆಯು ನನ್ನ ನೆನಪಿಗೆ ಬರುತ್ತದೆ. ಎತ್ತರದಲ್ಲಿರುವವರಿಗೆ ತಗ್ಗಿನಲ್ಲಿರುವವರೇ ನೆರೆಯವರು.

ಮುಂದಿನ ಸಭೆಯಲ್ಲಿ ಈ ಎರಡು ಸಲಹೆಗಳೂ ತಮ್ಮ ಮುಂದೆ ಬರುತ್ತವೆ. ತೀರ್ಮಾನಮಾಡುವುದಕ್ಕೆ ಮೊದಲು ಮಳೆ ಬಿದ್ದ ಒಂದು ಸಂಜೆ ತಾವು ಶಾಲೆಗೆ ಬಂದು, ಹಿಂದಿನ ಗೋಡೆಯ ಬಳಿ ಸ್ವಲ್ಪ ಹೊತ್ತು ನಿಂತು, ನೀರು ಎಲ್ಲಿಗೆ ಇಳಿಯುತ್ತದೆಂಬುದನ್ನು ಕಣ್ಣಾರೆ ನೋಡಬೇಕೆಂದು ಬೇಡಿಕೊಳ್ಳುತ್ತೇನೆ. ನೋಡಿದ ಮೇಲೆ ತಮಗೆ ಸರಿತೋರಿದಂತೆ ಮತವನ್ನು ಕೊಡಿರಿ. ನಮ್ಮ ಕೆಸರುಗಾಲುಗಳನ್ನು ಅಷ್ಟು ವರ್ಷ ತೊಳೆಸಿದ ಆಯಮ್ಮನವರು ಬರುವ ಮಳೆಗಾಲದಲ್ಲಿ ಮೊರವನ್ನು ಅಕ್ಕಿ ಕೇರುವುದಕ್ಕೆ ಮಾತ್ರ ಹಿಡಿಯುವಂತಾದರೆ, ನಮ್ಮ ಹಣವು ಸದ್ವಿನಿಯೋಗವಾಯಿತೆಂದು ನಾನು ಸಂತೋಷಪಡುವೆನು. ದೇವರು ನಮ್ಮ ಶಾಲೆಯನ್ನೂ ಅದರ ನೆರೆಹೊರೆಯನ್ನೂ ಆಶೀರ್ವದಿಸಲಿ.